ಲಗ್ನಪತ್ರಿಕೆಯ ಬೆನ್ನ ಮೇಲೆ ಆನೆ

ರಾಜಾಜಿನಗರದ ಆ ನಾಲ್ಕಾರು ಬೀದಿಗಳಲ್ಲಿ ಯಾರ ಮನೆಗೆ ಲಗ್ನಪತ್ರಿಕೆ ಬಂದರೂ, ಮದುವೆ ಮುಗಿದ ಮೇಲೆ ಅದು ಅಲಮೇಲು ಮಿಸ್ ಕೈಸೇರಬೇಕು ಎನ್ನುವುದು ಕಾನೂನಿನ ಹಾಗೆ ಆಗಿಹೋಗಿತ್ತು. ಕೊಡದವರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಹಾಲಿನ ಬೂತಿನ ಕ್ಯೂನಲ್ಲೇ ಹಿಡಿದು, "ಏನ್ರೀ, ನಿಮ್ಮ ನಾದಿನಿ ಮಗಳ ಮದುವೆ ಮುಗೀತಲ್ಲ, ಕಾರ್ಡೆಲ್ಲಿ?" ಎಂದು ಕೇಳಿಬಿಡುತ್ತಿದ್ದಳು. ಊಟ ಹೇಗಿತ್ತು, ಹುಡುಗನಿಗೆ ಏನು ಕೆಲಸ, ಹುಡುಗಿಗೆ ಏನೇನು ಇಟ್ಟರು ಎನ್ನುವುದೆಲ್ಲ ಬೇರೆಯವರಿಗೆ ಬೇಕಾದ ಸುದ್ದಿ. ಅಲಮೇಲುವಿಗೆ ಬೇಕಾದದ್ದು ದಪ್ಪ ಕಾಗದ, ಒಂದು ಬದಿ ಖಾಲಿ ಇದ್ದರೆ ಸಾಕು.

ಎಪ್ಪತ್ತನಾಲ್ಕು, ಎಪ್ಪತ್ತೈದರ ಮಾತು ಇದು. ಭಜನೆ ಮಂದಿರದ ಹಿಂದಿನ ಹಾಲಿನಲ್ಲಿ ಮಹಿಳಾ ಸಮಾಜದವರು ಒಂದು ಶಿಶುವಿಹಾರ ನಡೆಸುತ್ತಿದ್ದರು. ಅದಕ್ಕೆ ಟೀಚರೂ ಅಲಮೇಲುವೇ, ಆಯಾನೂ ಅವಳೇ, ಗಂಟೆ ಹೊಡೆಯುವವಳು, ಮೂಗು ಒರೆಸುವವಳು ಎಲ್ಲಾ ಅವಳೇ. ಬಸವೇಶ್ವರನಗರದ ಕಡೆ ಆಗಿನ್ನೂ ಅರ್ಧ ಸೈಟು, ಅರ್ಧ ರಾಗಿ ಹೊಲ. ಎತ್ತ ನೋಡಿದರೂ ಜಲ್ಲಿ ರಾಶಿ, ಇಟ್ಟಿಗೆ ಲಾರಿ. ಮನೆ ಕಟ್ಟಿಸುವ ಗಡಿಬಿಡಿಯಲ್ಲಿದ್ದ ಅಪ್ಪ ಅಮ್ಮಂದಿರಿಗೆ ಬೆಳಗಿನ ಹೊತ್ತು ಮಕ್ಕಳನ್ನು ಎಲ್ಲಾದರೂ ಕೂರಿಸಿದರೆ ಸಾಕಾಗಿತ್ತು. ಅಲಮೇಲುವಿಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ.

ಶ್ರೀರಂಗಪಟ್ಟಣದಿಂದ ಮದುವೆಯಾಗಿ ಬಂದವಳು ಅವಳು. ಗಂಡ ಪದ್ಮನಾಭನಿಗೆ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಸೈರನ್ ಕೂಗಿದರೆ ಹೋಗುವುದು, ಮತ್ತೆ ಕೂಗಿದರೆ ಬರುವುದು, ಬಂದಮೇಲೆ ಪೇಪರಿನ ಹಿಂದೆ ಮಾಯವಾಗುವುದು. ಮನೆಯಲ್ಲಿ ಕೂತು ಬೇಸರ ಬಂದು ಅಲಮೇಲು ಶಿಶುವಿಹಾರದ ಟ್ರೈನಿಂಗ್ ಮಾಡಿಕೊಂಡಳು. ಅಲ್ಲಿ ಪಾಠ ಹೇಳಿದವರೊಬ್ಬರು, ಮಗು ಅಕ್ಷರ ಕಲಿಯುವ ಮುಂಚೆ ಮಾತು ಕಲಿಯುತ್ತದೆ, ಹಾಗಾಗಿ ಓದಿಸುವಾಗಲೂ ಇಡೀ ಪದವನ್ನೇ ಮೊದಲು ತೋರಿಸಿ ಎಂದು ಹೇಳಿದ್ದರು. ಅಲಮೇಲುವಿಗೆ ಅದು ವೇದವಾಕ್ಯವಾಯಿತು. ಮರಳಿನ ಮೇಲೆ ಅ ಆ ಇ ಈ ತಿದ್ದಿಸುವವರನ್ನು ಕಂಡರೆ ಅವಳಿಗೆ ಒಳಗೊಳಗೇ ಅಯ್ಯೋ ಪಾಪ ಅನ್ನಿಸುತ್ತಿತ್ತು. ಈ ಹಮ್ಮು ಅವಳಿಗೆ ಸ್ವಲ್ಪ ಹೆಚ್ಚಾಗಿಯೇ ಇತ್ತೆಂದು ಹೇಳಬೇಕು.

ಅವಳ ಪಾಠವನ್ನು ನೋಡುವುದೇ ಒಂದು ಚೆಂದ. ಬಟ್ಟೆಯ ಚೀಲದೊಳಗೆ ಒಣಶುಂಠಿ, ಬೀಗದ ಕೈ, ಗೋಲಿ, ನವಿಲುಗರಿ, ಬೆಂಡೆಕಾಯಿ ಎಲ್ಲ ಹಾಕಿಕೊಂಡು ಬರುತ್ತಿದ್ದಳು. ಮಗು ಕಣ್ಣುಮುಚ್ಚಿ ಕೈಹಾಕಬೇಕು. "ಮುಟ್ಟಿ ನೋಡು, ಮೂಸಿ ನೋಡು, ಆಮೇಲೆ ಹೇಳು" ಎನ್ನುವುದು ಅವಳ ಮಂತ್ರ. ಹೆಸರು ಗೊತ್ತಿಲ್ಲದಿದ್ದರೆ ಹೇಳಿಕೊಡುವುದು, ಗೊತ್ತಾದ ಮೇಲೆ ಅದನ್ನಿಟ್ಟುಕೊಂಡು ಒಂದು ಕಥೆ ಕಟ್ಟುವುದು. ಬಿಸಿಲು ಕಡಿಮೆಯಿದ್ದ ದಿನ ಮಕ್ಕಳನ್ನು ಒಬ್ಬರ ಅಂಗಿ ಒಬ್ಬರಿಗೆ ಹಿಡಿಸಿ ಬೀದಿ ಸುತ್ತಿಸುತ್ತಿದ್ದಳು. ಗಾರೆ, ಕರಣೆ, ಸಾರ್ವೆ, ತೂಗುಗುಂಡು ಎಂದೆಲ್ಲ ಕಟ್ಟಡದ ಮಾತುಗಳನ್ನು ಆ ಚಿಳ್ಳೆಪಿಳ್ಳೆಗಳು ಮನೆಯಲ್ಲಿ ಆಡಿದರೆ ದೊಡ್ಡವರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು.

ಮಾತು ಬಂದ ಮೇಲೆ ಕಾರ್ಡು. ಲಗ್ನಪತ್ರಿಕೆಯ ಬೆನ್ನ ಮೇಲೆ ಕಪ್ಪು ಇಂಕಿನಲ್ಲಿ ದಪ್ಪವಾಗಿ ಒಂದೊಂದು ಪದ. ಚಿನ್ನದ ಅಂಚಿನ ಶ್ರೀಮಂತರ ಪತ್ರಿಕೆಯ ಮೇಲೆ ಆನೆ. ಗಣಪತಿಯನ್ನು ಉಬ್ಬಾಗಿ ಅಚ್ಚುಹಾಕಿದ್ದ ಗುಲಾಬಿ ಪತ್ರಿಕೆಯ ಮೇಲೆ ಹಸು. ಮೂಲೆಗೆ ಅರಿಶಿನ ಮೆತ್ತಿದ್ದು ಕೊಡೆ. ಗಂಧದ ವಾಸನೆ ಹಾಕಿಸಿದ್ದು ಬಸ್ಸು. ಕಾಗದ ತೆಳ್ಳಗಿದ್ದು ಆಚೆ ಬದಿಯ ವಧೂವರರ ಹೆಸರು ತಿರುಗುಮುರುಗಾಗಿ ಕಾಣುತ್ತಿದ್ದದ್ದು ದೀಪ. ಇವೆಲ್ಲ ಅಲಮೇಲುವಿಗೆ ಬರೀ ಕಾಗದವಾಗಿ ಕಂಡಿದ್ದವು.

ದಾನಮ್ಮ ಆ ವರ್ಷ ಸೇರಿದ ಮಗು. ಅಪ್ಪ ಚನ್ನಮಲ್ಲಪ್ಪ ಗದಗಿನ ಕಡೆಯಿಂದ ವರ್ಗವಾಗಿ ಬಂದಿದ್ದ ಗುಮಾಸ್ತ. ಹೆಂಡತಿ ಎರಡನೇ ಬಾಣಂತನಕ್ಕೆ ತವರಿನಲ್ಲಿದ್ದುದರಿಂದ ತಾಯಿ ಶಾಂತವ್ವನನ್ನೂ ಮಗಳನ್ನೂ ಕರೆತಂದು ಕಾಮಾಕ್ಷಿಪಾಳ್ಯದ ಕಡೆ ಒಂದು ವಠಾರದಲ್ಲಿ ಇಟ್ಟಿದ್ದ. ಹುಡುಗಿಗೆ ಇನ್ನೂ ಐದು ತುಂಬಿರಲಿಲ್ಲ. ಎಣ್ಣೆ ಹಚ್ಚಿ ಬಿಗಿದ ಎರಡು ಮೋಟು ಜಡೆ, ಕಾಲಿಗೆ ತೊಡರುವಷ್ಟು ಉದ್ದದ ಪರಕಾರ, ಎಲ್ಲವನ್ನೂ ದಿಟ್ಟಿಸಿ ನೋಡುವ ಕಣ್ಣು. ಮೊದಲು ಬಾಯೇ ಬಿಡಲಿಲ್ಲ. ಚೀಲದಲ್ಲಿ ಕೈಹಾಕುವ ಆಟ ಶುರುವಾದ ಮೇಲೆ ಬಿಟ್ಟ ಬಾಯಿ ಮುಚ್ಚಲಿಲ್ಲ. ಇಲ್ಲಿಯ ಮಕ್ಕಳಿಗೆ ಗೊತ್ತಿಲ್ಲದ ತನ್ನೂರಿನ ಹೆಸರುಗಳನ್ನೂ ಹೇಳುತ್ತಿದ್ದಳು, ಅಲಮೇಲು ಅವನ್ನೂ ಎಲ್ಲರ ಕೈಲಿ ಹೇಳಿಸುತ್ತಿದ್ದಳು.

ಕಾರ್ಡು ಹಿಡಿದರೆ ದಾನಮ್ಮನ ಮುಂದೆ ಯಾರೂ ಇಲ್ಲ. ಬೇರೆ ಮಕ್ಕಳು ತಡವರಿಸುವಷ್ಟರಲ್ಲಿ "ಆನಿ! ಕೊಡಿ! ಬಸ್ಸು!" ಎಂದು ಮುಗಿಸಿರುತ್ತಿದ್ದಳು. ಅಲಮೇಲುವಿಗೆ ಸ್ವರ್ಗ ಮೂರೇ ಗೇಣು. ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಳು. ಸಮಾಜದ ಕಾರ್ಯದರ್ಶಿ ಅನಂತಲಕ್ಷ್ಮಿಯವರನ್ನಂತೂ ಕರೆದುಕೊಂಡು ಬಂದು ತೋರಿಸಿದಳು. ಅವರಿಗೂ ಅದು ಬೇಕಾಗಿತ್ತು. ಮಕ್ಕಳನ್ನು ಕಾನ್ವೆಂಟಿಗೆ ಬದಲಾಯಿಸುವವರು ಹೆಚ್ಚಾಗಿದ್ದರು, ಶಿಶುವಿಹಾರ ಮುಚ್ಚಿ ಹಾಲಿನಲ್ಲಿ ಹೊಲಿಗೆ ಕ್ಲಾಸು ನಡೆಸೋಣ ಎಂದು ಸಮಾಜದ ಅರ್ಧ ಜನ ಹಟ ಹಿಡಿದಿದ್ದರು.

"ವಾರ್ಷಿಕೋತ್ಸವಕ್ಕೆ ದೊಡ್ಡ ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸನ್ನೇ ಕರೀತಾ ಇದೀನಿ ಅಲಮೇಲು. ಆ ಹುಡುಗಿ ಕೈಲಿ ಓದಿಸಿ. ಈ ಹೊಲಿಗೆ ಕ್ಲಾಸಿನವರ ಬಾಯಿ ಮುಚ್ಚಬೇಕು" ಎಂದರು ಅನಂತಲಕ್ಷ್ಮಿ.

ಆ ವಾರವೇ ಗುಲಾಬಿ ಕಾರ್ಡನ್ನು ಯಾವುದೋ ಮಗು ಜಗಿದುಹಾಕಿತು. ಅಲಮೇಲು ಒಂದು ಬಿಳಿ ಡ್ರಾಯಿಂಗ್ ಹಾಳೆ ಕತ್ತರಿಸಿ 'ಹಸು' ಎಂದು ಹೊಸದಾಗಿ ಬರೆದಳು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಅಜ್ಜಿ ಬರುವುದನ್ನೇ ಕಾಯುತ್ತ ಕೂತಿದ್ದ ದಾನಮ್ಮನಿಗೆ ಅದನ್ನು ತೋರಿಸಿದಳು.

ದಾನಮ್ಮ ಕಾರ್ಡನ್ನು ತೆಗೆದುಕೊಂಡು ಹಿಂದೆ ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಉಜ್ಜಿದಳು. ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ ವಾಪಸ್ಸು ಕೊಟ್ಟು, "ಇದರಾಗ ಏನೂ ಇಲ್ಲ, ಮಿಸ್" ಎಂದಳು.

ಅಲಮೇಲು ನಕ್ಕಳು. ನಗುತ್ತಲೇ ಸ್ಲೇಟು ತೆಗೆದು 'ಆನೆ' ಎಂದು ಬರೆದು ಮುಂದೆ ಹಿಡಿದಳು.

"ಇದು ಪಾಟಿ" ಎಂದಳು ದಾನಮ್ಮ. ಅವರ ಕಡೆ ಸ್ಲೇಟಿಗೆ ಹಾಗೆನ್ನುತ್ತಾರೆ. ಇಷ್ಟು ಸುಲಭದ್ದನ್ನು ಮಿಸ್ ಯಾಕೆ ಕೇಳುತ್ತಿದ್ದಾರೆ ಎನ್ನುವಂತಿತ್ತು ಅವಳ ಮುಖ.

ಅಲಮೇಲುವಿನ ನಗು ನಿಂತಿತು. ಹುಡುಕಿ ಇನ್ನೊಂದು ಚಿನ್ನದಂಚಿನ ಪತ್ರಿಕೆ ತೆಗೆದು, ಅದರ ಬೆನ್ನ ಮೇಲೆ 'ಕತ್ತರಿ' ಎಂದು ಬರೆದು, ಇಂಕು ಆರುವ ಮೊದಲೇ ತೋರಿಸಿದಳು. "ಆನಿ!" ಎಂದು ಕೂಗಿ ದಾನಮ್ಮ ಚಪ್ಪಾಳೆ ತಟ್ಟಿಕೊಂಡಳು.

ಅಲಮೇಲುವಿಗೆ ಈಗ ತಿಳಿಯಿತು. ಇಷ್ಟು ದಿನ ಈ ಮಗು ಓದಿದ್ದು ಅಕ್ಷರವನ್ನಲ್ಲ. ಅಂಚು, ಉಬ್ಬು, ಅರಿಶಿನ, ಗಂಧ ಇವನ್ನು. ಮುಟ್ಟಿ ನೋಡು, ಮೂಸಿ ನೋಡು, ಆಮೇಲೆ ಹೇಳು ಎಂದು ತಾನೇ ಹೇಳಿಕೊಟ್ಟದ್ದನ್ನು ಅದು ಚಾಚೂ ತಪ್ಪದೆ ಮಾಡಿತ್ತು. ಬೇರೆ ಮಕ್ಕಳು ಅಷ್ಟು ಗಮನವಿಟ್ಟು ನೋಡದ್ದರಿಂದ ತಪ್ಪಿಸಿಕೊಂಡಿದ್ದವು. ಇವಳು ಬುದ್ಧಿವಂತೆ, ಅದಕ್ಕೇ ಸಿಕ್ಕಿಹಾಕಿಕೊಂಡಳು.

ಇದು ದೊಡ್ಡ ಅನಾಹುತವೇನೂ ಆಗಬೇಕಿರಲಿಲ್ಲ. ಬಿಳಿ ಹಾಳೆಯ ಮೇಲೆ ಮೊದಲಿನಿಂದ ಶುರುಮಾಡಿದ್ದರೆ ಆ ಹುಡುಗಿ ಮಳೆಗಾಲದೊಳಗೆ ನಿಜವಾಗಿಯೂ ಓದುತ್ತಿದ್ದಳು. ಆದರೆ ಎದುರಿಗೆ ವಾರ್ಷಿಕೋತ್ಸವ ಕೂತಿತ್ತು. ಅನಂತಲಕ್ಷ್ಮಿಯವರ ಹತ್ತಿರ ಹೋಗಿ, ನಾನು ಜಂಬ ಕೊಚ್ಚಿಕೊಂಡದ್ದೆಲ್ಲ ಸುಳ್ಳು ಎನ್ನುವುದು ಹೇಗೆ? ಮರಳಿನ ಮೇಲೆ ತಿದ್ದಿಸುವವರ ಮುಂದೆ ತಲೆಯೆತ್ತುವುದು ಹೇಗೆ? ಒಂದು ದಿನದ ತಮಾಷೆ ತಾನೆ, ಹೇಗೂ ಬೇಸಿಗೆ ರಜಾ ಬರುತ್ತದೆ, ಕೂರಿಸಿಕೊಂಡು ಸರಿಮಾಡಿದರಾಯಿತು ಎಂದುಕೊಂಡಳು. ಗುಲಾಬಿ ಬಣ್ಣದ ಉಬ್ಬು ಗಣಪತಿಯ ಪತ್ರಿಕೆಯನ್ನೇ ಹುಡುಕಿಕೊಂಡು ಹೋಗಿ, ಪಕ್ಕದ ಬೀದಿಯ ಕೃಷ್ಣಯ್ಯನವರ ಮನೆಯಿಂದ ಇನ್ನೊಂದು ಪ್ರತಿ ಕೇಳಿ ತಂದು, ಅದರ ಮೇಲೆ 'ಹಸು' ಎಂದು ಬರೆದಳು. ಅದನ್ನು ಬರೆಯುವಾಗ ತಾನು ಮಾಡುತ್ತಿರುವುದು ಏನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದೆ ಎಂದು ಆಮೇಲೆ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ವಾರ್ಷಿಕೋತ್ಸವದ ದಿನ ಹೆಡ್‌ಮಿಸ್ಟ್ರೆಸ್ ಗಂಜಿ ಹಾಕಿದ ಸೀರೆಯಲ್ಲಿ ಬಂದು ಕೂತರು. ಹುಷಾರಿ ಹೆಂಗಸು. ಬಾಯಿಪಾಠ ಮಾಡಿಸಿರಬಹುದೆಂದು ಕಾರ್ಡುಗಳನ್ನು ತಾವೇ ತೆಗೆದುಕೊಂಡು ಇಸ್ಪೀಟಿನ ಹಾಗೆ ಕಲಸಿ, ಒಂದೊಂದಾಗಿ ದಾನಮ್ಮನ ಕೈಗೆ ಕೊಟ್ಟರು. ದಾನಮ್ಮ ಒಂದೂ ತಪ್ಪಲಿಲ್ಲ. ಭಜನೆ ಮಂದಿರದ ಜನವೆಲ್ಲ ಚಪ್ಪಾಳೆ ತಟ್ಟಿದರು, ಹೊಲಿಗೆ ಕ್ಲಾಸಿನವರೂ ತಟ್ಟಿದರು.

"ಈ ಮಗು ಒಂದನೇ ಕ್ಲಾಸಲ್ಲಿ ಕೂತು ಏನ್ ಮಾಡುತ್ತೆ? ಜೂನಿಗೆ ನಮ್ಮ ಸ್ಕೂಲಿಗೆ ಕಳಿಸಿ, ಎರಡನೇ ಕ್ಲಾಸಿಗೇ ತಗೋತೀನಿ" ಎಂದರು ಹೆಡ್‌ಮಿಸ್ಟ್ರೆಸ್, ಎಲ್ಲರಿಗೂ ಕೇಳುವ ಹಾಗೆ.

ಡಬಲ್ ಪ್ರಮೋಷನ್! ಚನ್ನಮಲ್ಲಪ್ಪ ಜನರ ನಡುವಿನಿಂದ ದಾರಿಮಾಡಿಕೊಂಡು ಬಂದ. ಅಲಮೇಲುವಿನ ಮುಂದೆ ಕೈಮುಗಿದು ನಿಂತವನ ಕಣ್ಣಲ್ಲಿ ನೀರು. "ನಮ್ಮ ಮನ್ಯಾಗ ಹೆಣ್ಮಕ್ಕಳು ಯಾರೂ ಸಾಲಿ ಕಲ್ತಿಲ್ರಿ ಅಕ್ಕಾರ. ನಮ್ಮವ್ವಗ ಸಹಿ ಮಾಡಾಕ ಬರಂಗಿಲ್ಲ. ನೀವು ದೇವರಂಗ ಬಂದ್ರಿ" ಎಂದ.

ಹೇಳಬೇಕಾದ ಮಾತು ಆಗ ಅಲಮೇಲುವಿನ ನಾಲಿಗೆಯ ತುದಿಯಲ್ಲೇ ಇತ್ತು. ಅನಂತಲಕ್ಷ್ಮಿಯವರು ಪಕ್ಕದಲ್ಲೇ ಬೀಗುತ್ತ ನಿಂತಿದ್ದರು. "ಚೂಟಿ ಹುಡುಗಿ" ಎಂದಷ್ಟೇ ಹೇಳಿ ಅಲಮೇಲು ಪ್ರಸಾದ ಹಂಚಲು ಹೋದಳು.

ಬೇಸಿಗೆಯಲ್ಲಿ ಸರಿಮಾಡುತ್ತೇನೆಂದು ಹಾಕಿದ ಲೆಕ್ಕವೂ ತಲೆಕೆಳಗಾಯಿತು. ಯುಗಾದಿ ಮುಗಿದದ್ದೇ ಶಾಂತವ್ವ ಮೊಮ್ಮಗಳನ್ನು ಕರೆದುಕೊಂಡು ಊರಿಗೆ ಹೋದಳು, ಬಂದದ್ದು ಸ್ಕೂಲು ತೆರೆಯುವ ಹಿಂದಿನ ದಿನ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಶಾಂತವ್ವ ಶಿಶುವಿಹಾರದ ಬಾಗಿಲಲ್ಲಿ ಬಂದು ನಿಂತಳು. ತಲೆ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡು, "ಅಕ್ಕಾರ, ಒಂದೀಟು ಮಾತಾಡೂದಿತ್ತು" ಎಂದಳು.

"ಬನ್ನಿ ಶಾಂತವ್ವ. ದಾನಮ್ಮ ಹೇಗಿದ್ದಾಳೆ?"

"ಏನ್ ಹೇಳ್ಲಿ ಅಕ್ಕಾರ. ಸಾಲ್ಯಾಗ ಬಾಯೇ ತೆರೀವಲ್ಲಳಂತ. ಪುಸ್ತಕ ಕೊಟ್ರ ಮೂಸಿ ನೋಡತಾಳಂತ, ಹುಡುಗ್ರೆಲ್ಲ ನಗತಾವಂತ. ಆ ಟೀಚರು ದಿನಾ ಬೆಂಚಿನ ಮ್ಯಾಲ ನಿಂದರಸ್ತಾಳ. ಮನ್ಯಾಗ ಇವ ಬಡೀತಾನ."

"ಚನ್ನಮಲ್ಲಪ್ಪನವರಾ? ಹೊಡೀತಾರಾ?"

"ಎಂದೂ ಕೈ ಎತ್ತಿದಾಂವಲ್ರಿ. ಅಷ್ಟು ಮಂದಿ ಮುಂದ ಪಟಪಟ ಓದಿದಾಕಿ ಈಗ್ಯಾಕ ಓದವಲ್ಲಳು, ಗೊತ್ತಿದ್ದೂ ಹಟಾ ಮಾಡತಾಳ ಅಂತ ಅವನ ಸಿಟ್ಟು. ನಿಮ್ಮ ಮಾತಂದ್ರ ಕೂಸು ಕೇಳತೈತಿ. ಒಮ್ಮಿ ಬಂದು ಹಟಾ ಬಿಡು ಅಂತ ಹೇಳ್ರಿ."

ಆಗುತ್ತಿದ್ದದ್ದು ಏನೆಂದು ಅಲಮೇಲುವಿಗೆ ಗೊತ್ತಾಯಿತು. ಓದು ಬಾರದ ಮಗು ಎಂದರೆ ಯಾರೂ ಹೊಡೆಯುತ್ತಿರಲಿಲ್ಲ, ಕಲಿಸುತ್ತಿದ್ದರು. ಓದು ಬರುತ್ತದೆ ಎಂದು ಊರೆಲ್ಲ ಸಾಕ್ಷಿ ಹೇಳುವ ಹಾಗೆ ಮಾಡಿಟ್ಟವಳು ತಾನು. ಆ ಚಪ್ಪಾಳೆಯೇ ಈಗ ಮಗುವಿನ ಬೆನ್ನ ಮೇಲೆ ಬೀಳುತ್ತಿತ್ತು.

"ಬರ್ತೀನಿ ಶಾಂತವ್ವ, ಖಂಡಿತ ಬರ್ತೀನಿ" ಎಂದಳು. ಹೋಗಲಿಲ್ಲ. ಮಾರನೆಯ ದಿನ ತಲೆನೋವು. ಅದರ ಮಾರನೆಯ ದಿನ ಶುಕ್ರವಾರ, ಪೂಜೆ. ಆಮೇಲೆ ಮಳೆ. ನೆಪಕ್ಕೆ ಬರವಿಲ್ಲದ ಊರು ನಮ್ಮದು. ಗಂಡನಿಗೆ ಹೇಳಿಕೊಂಡರೆ ಅವನು ಪೇಪರಿನ ಹಿಂದಿನಿಂದಲೇ, "ಅಯ್ಯೋ ಬಿಡೇ, ಮಕ್ಕಳು ತಾವಾಗೇ ಕಲ್ತ್ಕೋತಾವೆ" ಎಂದ. ಅವನ ಮೇಲೆ ಸಿಟ್ಟು ಬಂತು. ತಾನು ಕೇಳಬಯಸಿದ್ದ ಮಾತನ್ನೇ ಅವನು ಹೇಳಿದನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಶಿಶುವಿಹಾರದ ಮಕ್ಕಳು ಕಾರ್ಡು ನೋಡಿ ಏನಾದರೂ ಕೂಗಿದರೆ ಬೆಚ್ಚಿಬೀಳುತ್ತಿದ್ದಳು.

ಕೊನೆಗೆ ಒಂದು ಸಂಜೆ ತರಕಾರಿ ತರಲು ಹೋದಾಗ ದಾನಮ್ಮ ಕಂಡಳು. ಹೆಗಲಿಗೆ ಚೀಲ ಹಾಕಿಕೊಂಡು, ಯೂನಿಫಾರಮ್ಮಿನ ಗಿಡ್ಡ ಲಂಗದಲ್ಲಿ ಗೋಡೆ ಸವರುತ್ತ ಮೆಲ್ಲಗೆ ಹೋಗುತ್ತಿದ್ದಳು. ಮೀನಖಂಡದ ಮೇಲೆ ಬರೆ ಎದ್ದಿತ್ತು. ಅಲಮೇಲು ತರಕಾರಿಯವಳಿಗೆ ಚೀಲ ಕೊಟ್ಟು, ಆಮೇಲೆ ಬರುತ್ತೇನೆಂದು ಹೇಳಿ ಅವಳ ಹಿಂದೆಯೇ ನಡೆದಳು.

ವಠಾರದ ಮೊದಲ ಮನೆ. ಚನ್ನಮಲ್ಲಪ್ಪ ಆಗಷ್ಟೇ ಆಫೀಸಿನಿಂದ ಬಂದು ಕಾಲು ತೊಳೆದುಕೊಳ್ಳುತ್ತಿದ್ದ. ಮಿಸ್ಸನ್ನು ನೋಡಿ ಗಡಬಡಿಸಿ ಚಾಪೆ ಹಾಸಿದ. ಶಾಂತವ್ವ ಚಹಕ್ಕೆ ಇಡಲು ಹೋದಳು. ದಾನಮ್ಮ ಕಂಬದ ಹತ್ತಿರ ನಿಂತಳು.

"ಚಹಾ ಬೇಡ ಶಾಂತವ್ವ, ನೀವೂ ಕೂತ್ಕೊಳ್ಳಿ" ಎಂದಳು ಅಲಮೇಲು. "ಅವಳು ಹಟ ಮಾಡ್ತಾ ಇಲ್ಲ. ಅವಳಿಗೆ ಓದೋಕೆ ಬರಲ್ಲ. ಅವತ್ತೂ ಬರ್ತಿರಲಿಲ್ಲ."

ಚನ್ನಮಲ್ಲಪ್ಪನಿಗೆ ಅರ್ಥವಾಗಲಿಲ್ಲ. ಅಲಮೇಲು ಎಲ್ಲವನ್ನೂ ಹೇಳಿದಳು. ಚಿನ್ನದಂಚು, ಅರಿಶಿನ, ಗಂಧ, ಜಗಿದುಹೋದ ಗುಲಾಬಿ ಕಾರ್ಡು, ಅದಕ್ಕೆ ತಾನು ಬೇಕೆಂದೇ ಹುಡುಕಿ ತಂದ ಇನ್ನೊಂದು. "ನನಗೆ ಮುಂಚೆನೇ ಗೊತ್ತಿತ್ತು. ಗೊತ್ತಿದ್ದೂ ಸ್ಟೇಜ್ ಹತ್ತಿಸಿದೆ. ನನ್ನ ಮಾನ ಉಳಿಸಿಕೊಳ್ಳೋಕೆ ಅವಳನ್ನ ಮುಂದೆ ಮಾಡಿದೆ. ತಪ್ಪು ನಂದು. ಮಗೂದು ಏನೂ ಇಲ್ಲ."

ಬೈದರೆ ಬೈಸಿಕೊಳ್ಳಲು ಅವಳು ತಯಾರಾಗಿ ಬಂದಿದ್ದಳು. ಚನ್ನಮಲ್ಲಪ್ಪ ಬೈಯಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತ ಕೂತ. "ಹಂಗಾರ ನಾ ಬಡದದ್ದು..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟ. ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಗ ಮಾತಾಡಿದವಳು ದಾನಮ್ಮ.

"ಮಿಸ್ ಸುಳ್ಳು ಹೇಳಾಕತ್ತಾರ, ಅಪ್ಪಾ. ನನಗ ಓದಾಕ ಬರ್ತೈತಿ."

ಯಾರಾದರೂ ಬೇಡವೆನ್ನುವ ಮೊದಲೇ ಚೀಲದಿಂದ ಪುಸ್ತಕ ಕಿತ್ತು, ಯಾವುದೋ ಹಾಳೆ ಬಿಚ್ಚಿ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಶುರುಮಾಡಿದಳು. "ಆನಿ. ಕೊಡಿ. ಹಸು. ದೀಪ. ಬಸ್ಸು." ಬೆರಳು ಸಾಲಿನ ಮೇಲೆ ಸರಿಯಾಗಿಯೇ ಓಡುತ್ತಿತ್ತು. ಆ ಹಾಳೆಯಲ್ಲಿದ್ದದ್ದು ಬಾವಿಯ ಕಪ್ಪೆಯ ಕಥೆ. ಮುಗಿಸಿದವಳು ಅಪ್ಪನನ್ನು ನೋಡಿದಳು. ಇಂಗ್ಲಿಷ್ ಫೈಲುಗಳ ನಡುವೆ ಬದುಕಿದರೂ ಚನ್ನಮಲ್ಲಪ್ಪನಿಗೆ ಕನ್ನಡ ಓದಲು ಬರುತ್ತಿತ್ತು. ಆದರೂ ಅವನು ಅಲಮೇಲುವಿನ ಕಡೆ ತಿರುಗಿದ. ಶಾಂತವ್ವ ಮಾತ್ರ ಆಸೆಯಿಂದ, "ಓದಿತಲ್ರಿ ಅಕ್ಕಾರ?" ಎಂದಳು.

ಹೂಂ ಅಂದುಬಿಡಬೇಕೆಂದು ಅಲಮೇಲುವಿಗೆ ಎಷ್ಟು ಆಸೆಯಾಯಿತೋ ಅವಳಿಗೇ ಗೊತ್ತು. ಹೂಂ ಎಂದದ್ದರಿಂದಲೇ ಇಲ್ಲಿಯವರೆಗೆ ಬಂದದ್ದು.

"ಇಲ್ಲ ಕಂದ" ಎಂದಳು. "ಅದರಲ್ಲಿ ಹಾಗೆ ಬರೆದಿಲ್ಲ."

ದಾನಮ್ಮ ಪುಸ್ತಕ ಮುಚ್ಚಿದಳು. ಅಳಲಿಲ್ಲ, ಹಟ ಮಾಡಲಿಲ್ಲ. ಒಳಗೆ ಹೋಗಿ ಕದದ ಹಿಂದೆ ಗೋಡೆಗೆ ಮುಖಮಾಡಿ ಕೂತಳು. ಅಲಮೇಲು ಎಷ್ಟು ಕರೆದರೂ ಹೊರಗೆ ಬರಲಿಲ್ಲ.

ಅಲಮೇಲು ಹೆಡ್‌ಮಿಸ್ಟ್ರೆಸ್ಸಿಗೂ ಹೋಗಿ ಹೇಳಿದಳು. ಅವರು ಕನ್ನಡಕ ತೆಗೆದು ಅವಳನ್ನು ನೋಡಿದ ನೋಟಕ್ಕಿಂತ ಎರಡು ಮಾತು ಬೈದಿದ್ದರೆ ಮೇಲಾಗಿತ್ತು. ದಾನಮ್ಮನನ್ನು ಒಂದನೇ ಕ್ಲಾಸಿಗೆ ಇಳಿಸಿದರು. ಅನಂತಲಕ್ಷ್ಮಿಯವರು ಅಲಮೇಲುವಿನ ಜತೆ ಮಾತು ಬಿಟ್ಟರು. ವಿಚಿತ್ರವೆಂದರೆ ಶಿಶುವಿಹಾರ ಮುಚ್ಚಲಿಲ್ಲ. ಹೊಲಿಗೆ ಮಿಷನ್ನು ಕೊಡುತ್ತೇನೆಂದವರು ಕೊಡದೆ ಕೈಯೆತ್ತಿದ್ದರು. ಅಲಮೇಲು ಬಿಳಿ ಹಾಳೆಯನ್ನು ಒಂದೇ ಅಳತೆಗೆ ಕತ್ತರಿಸಿ ಕಾರ್ಡು ಮಾಡಿಕೊಂಡು ಪಾಠ ಮುಂದುವರಿಸಿದಳು. ಸಂಜೆ ಬಂದು ಹೇಳಿಕೊಡುತ್ತೇನೆಂದು ವಠಾರಕ್ಕೆ ಹೋದಾಗಲೆಲ್ಲ ಚನ್ನಮಲ್ಲಪ್ಪ ಚಾಪೆ ಹಾಸಿದ, ಶಾಂತವ್ವ ಚಹಾ ಕೊಟ್ಟಳು. ದಾನಮ್ಮ ಮಾತ್ರ ಕದದ ಹಿಂದಿನಿಂದ ಬರಲಿಲ್ಲ. ಕೆಲವು ವಾರ ನೋಡಿ ಅಲಮೇಲು ಹೋಗುವುದನ್ನು ನಿಲ್ಲಿಸಿದಳು.

ದಾನಮ್ಮ ಓದು ಕಲಿತಳು. ಒಂದನೇ ಕ್ಲಾಸಿನ ಮೇಷ್ಟ್ರು ಅ ಆ ಇ ಈ ತಿದ್ದಿಸಿ ತಿದ್ದಿಸಿಯೇ ಕಲಿಸಿದರು.

ಅದು ಅಲಮೇಲುವಿಗೆ ತಿಳಿದದ್ದು ಸಂಕ್ರಾಂತಿಯ ಸಮಯದಲ್ಲಿ, ಬಸ್ ಸ್ಟಾಪಿನಲ್ಲಿ. ಅಜ್ಜಿ ಮೊಮ್ಮಗಳು ಬೆನ್ನು ಈ ಕಡೆ ಮಾಡಿಕೊಂಡು ನಿಂತಿದ್ದರು. ದಾನಮ್ಮ ಎದುರಿನ ಅಂಗಡಿಯ ಬೋರ್ಡಿಗೆ ಬೆರಳು ತೋರಿಸುತ್ತ, "ಹಿ... ಟ್ಟಿ... ನ. ಹಿಟ್ಟಿನ. ಗಿ... ರ... ಣಿ. ಗಿರಣಿ! ಹಿಟ್ಟಿನ ಗಿರಣಿ, ಅಜ್ಜಿ!" ಎನ್ನುತ್ತಿದ್ದಳು. ಅಲಮೇಲು ಸದ್ದು ಮಾಡದೆ ನಿಂತು ಇನ್ನೊಂದು ಬೋರ್ಡು ಓದುವುದನ್ನೂ ಕೇಳಿದಳು. ಆಗ ಶಾಂತವ್ವ ತಿರುಗಿ ನೋಡಿ ಮುಖ ಅರಳಿಸಿದಳು.

"ಅಯ್ಯ, ಅಕ್ಕಾರ! ನೋಡ್ರಿ ನಮ್ಮ ಕೂಸು ಹೆಂಗ ಓದಾಕತ್ತೈತಿ! ದಾನವ್ವಾ, ಅಕ್ಕಾರ ಬಂದಾರ ನೋಡು. ಅವರಿಗೊಮ್ಮಿ ಓದಿ ತೋರಸು."

ದಾನಮ್ಮ ಬೆರಳನ್ನು ಕೆಳಗಿಳಿಸಿದಳು. ಅಜ್ಜಿಯ ಸೆರಗು ಹಿಡಿದು, ಅಲಮೇಲುವಿನ ಮುಖ ನೋಡದೆ, "ನನಗ ಓದಾಕ ಬರಂಗಿಲ್ಲ" ಎಂದಳು.

"ಏ ಹುಚ್ಚಿ, ಈಗರ ಓದತಿದ್ದೆಲ್ಲ! ಯಾಕ ಸುಳ್ಳು ಹೇಳತಿ?" ಎಂದು ಶಾಂತವ್ವ ಗದರಿದಳು.

"ಬೈಬೇಡಿ ಶಾಂತವ್ವ" ಎಂದಳು ಅಲಮೇಲು. "ಅವಳಿಗೆ ಅದನ್ನ ಕಲಿಸಿದ್ದು ನಾನೇ."

ಬಸ್ಸು ಬಂತು. ಅಜ್ಜಿ ಮೊಮ್ಮಗಳು ಹತ್ತಿಕೊಂಡರು. ಅಲಮೇಲು ಹೋಗಬೇಕಾಗಿದ್ದದ್ದೂ ಅದೇ ಬಸ್ಸಿನಲ್ಲಿ, ಅವಳು ಹತ್ತಲಿಲ್ಲ.